ಹುಸ್ನಾಳ ಜರಡಿ

ಮೂಡಿಗೆರೆಯಲ್ಲಿ ಎಸ್ಟೇಟ್ ಜೀಪುಗಳನ್ನು ರಿಪೇರಿ ಮಾಡುತ್ತಿದ್ದ ಗುಲಾಮ್ ಮುಸ್ತಫಾ ಅವರ ಮಗಳು ಹುಸ್ನಾ. ಮಾತು ಕಡಿಮೆ, ಹಟ ಜಾಸ್ತಿ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ಮೇಲೆ ಚಿಕ್ಕಮಗಳೂರಿನಲ್ಲಿ ಓಂಕಾರಮೂರ್ತಿ ಎಂಬವರ ಸಣ್ಣ ಕಚೇರಿಗೆ ಸೇರಿದಳು. ಹಳ್ಳಕ್ಕೆ ಅಡ್ಡ ಕಟ್ಟೆ ಕಟ್ಟಿ ಕರೆಂಟು ತೆಗೆಯುವ ಖಾಸಗಿ ಘಟಕಗಳು ಆಗ ಗುಡ್ಡದ ಕಡೆ ಒಂದೊಂದಾಗಿ ಏಳುತ್ತಿದ್ದವು. ಅವುಗಳ ನೀರು ಬಿಡುವ ಗೇಟುಗಳನ್ನು ತೆರೆದು ಮುಚ್ಚುವ ಪ್ರೋಗ್ರಾಂ ಬರೆದುಕೊಡುವುದು ಓಂಕಾರಮೂರ್ತಿಯವರ ವ್ಯವಹಾರ.

ಬೇರೆಯವರು ಬರೆದ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿ ತಪ್ಪು ಹುಡುಕುವುದು ಹುಸ್ನಾಳ ಪಾಲಿಗೆ ಬಂತು. ಓದಿ ಓದಿ ಕಣ್ಣು ಉರಿಯುತ್ತಿತ್ತು. ಕೊನೆಗೆ ಆ ಕೆಲಸಕ್ಕೆಂದೇ ತಾನೊಂದು ಪ್ರೋಗ್ರಾಂ ಬರೆದಳು. ಅದರಲ್ಲಿ ಚಿತ್ರವಿಲ್ಲ, ಬಟನ್ನಿಲ್ಲ. ಕಪ್ಪು ಪರದೆಯ ಮೇಲೆ ‘ಜರಡಿ’ ಎಂದು ಟೈಪ್ ಮಾಡಿ, ಪಕ್ಕದಲ್ಲಿ ಫೈಲಿನ ಹೆಸರು ಹಾಕಿ ಎಂಟರ್ ಒತ್ತಿದರೆ, ಅನುಮಾನ ಬಂದ ಸಾಲುಗಳನ್ನೆಲ್ಲ ಒಂದರ ಕೆಳಗೊಂದು ತೋರಿಸುತ್ತಿತ್ತು. ಯಾವುದಾದರೂ ಸಾಲನ್ನು ನೋಡದೆ ಬಿಡು ಎಂದು ಅದಕ್ಕೆ ಹೇಳಬಹುದಿತ್ತು. ಆದರೆ ಹಾಗೆ ಹೇಳಿದವರ ಹೆಸರು ಆ ಸಾಲಿನ ಪಕ್ಕದಲ್ಲೇ ಉಳಿಯಬೇಕು. ಈ ನಿಯಮ ಮಾಡಿದ್ದೂ ಅವಳೇ.

ಬಾಳೂರಿನ ಆಚೆ ಒಂದು ಘಟಕಕ್ಕೆ ಪ್ರೋಗ್ರಾಂ ಕೊಡುವ ಸಮಯ. ಗೇಟು ತೆರೆಯುವ ಮುಂಚೆ ಸೈರನ್ ಕೂಗಬೇಕು, ಹಳ್ಳದಲ್ಲಿದ್ದವರು ಮೇಲೆ ಹತ್ತಬೇಕು. ಪ್ರೋಗ್ರಾಂ ಸೈರನ್ನಿಗೆ ಅಪ್ಪಣೆಯನ್ನೇನೋ ಕಳಿಸುತ್ತಿತ್ತು. ಕೂಗಿತೋ ಇಲ್ಲವೋ ಎಂಬ ಉತ್ತರ ಸೈರನ್ ಪೆಟ್ಟಿಗೆಯಿಂದ ವಾಪಸು ಬರುತ್ತಿತ್ತು, ಪ್ರೋಗ್ರಾಂ ಅದನ್ನು ನೋಡುತ್ತಲೇ ಇರಲಿಲ್ಲ. ‘ಸೈರನ್ ಕೂಗಿದೆ’ ಎಂದು ತಾನೇ ಬರೆದುಕೊಂಡು ಗೇಟು ತೆರೆಯುತ್ತಿತ್ತು. ಜರಡಿ ಆ ಸಾಲನ್ನು ಹಿಡಿಯಿತು. ಅಂಥವೇ ಬೇರೆ ನೂರಾರು ಸಾಲುಗಳನ್ನೂ ಹಿಡಿಯಿತು. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿ.

ಓಂಕಾರಮೂರ್ತಿ ಪರದೆ ನೋಡಿ ಹಣೆ ಒತ್ತಿಕೊಂಡರು. “ಇಷ್ಟನ್ನೂ ಸರಿ ಮಾಡ್ತಾ ಕೂತ್ರೆ ಮಳೆಗಾಲ ಬರ್ತದೆ ಮಾರಾಯ್ತಿ. ಎಲ್ಲಾ ಬಿಟ್ಟುಬಿಡು ಅಂತ ಹೇಳು ಅದಕ್ಕೆ.”

“ಸಾರ್, ಸೈರನ್ ಸಾಲು ಒಂದಾದ್ರೂ...”

“ಹೊಸಾ ಸೈರನ್ನು. ಕೂಗದೆ ಎಲ್ಲಿಗೆ ಹೋಗ್ತದೆ?”

ಹುಸ್ನಾ ಇನ್ನೊಂದು ಮಾತಾಡಬಹುದಿತ್ತು. ಆಡಲಿಲ್ಲ. ಎಲ್ಲ ಸಾಲುಗಳ ಪಕ್ಕದಲ್ಲೂ ‘ಬಿಡು – ಹುಸ್ನಾ’ ಎಂದು ಹಾಕಿದಳು.

ಮುಂದಿನ ವರ್ಷದ ಜನವರಿ, ಕಾಫಿ ಕೊಯ್ಲಿನ ಕಾಲ. ಭಾನುವಾರ ಮಧ್ಯಾಹ್ನ ಎಸ್ಟೇಟಿನ ಕೂಲಿಮನೆಗಳ ಲೈನಿನ ಪಾಪಮ್ಮ ಮತ್ತು ಅವಳ ತಂಗಿ ಕಲ್ಲಮ್ಮ ಬಾಳೂರಿನ ಆ ಘಟಕದ ಕೆಳಗೆ ಹಳ್ಳದ ಬಂಡೆಗಳ ಮೇಲೆ ಬಟ್ಟೆ ಒಗೆಯುತ್ತಿದ್ದರು. ಆಕಾಶದಲ್ಲಿ ಮೋಡದ ಸುಳಿವಿಲ್ಲ, ನೀರು ಮೊಣಕಾಲಿನ ಕೆಳಗೆ. ಪಾಪಮ್ಮ ಹಿಂಡಿದ ಬಟ್ಟೆಗಳನ್ನು ದಡದ ಮೇಲೆ ಒಣಹಾಕಲು ಹೋದಳು. ಹಿಂದಿನಿಂದ ಲಾರಿ ಬಂದಂಥ ಸದ್ದಾಯಿತು. ತಿರುಗಿ ನೋಡುವಷ್ಟರಲ್ಲಿ ಬಂಡೆ ಕಾಣಲಿಲ್ಲ, ತಂಗಿಯೂ ಕಾಣಲಿಲ್ಲ. ಕಲ್ಲಮ್ಮನ ದೇಹ ಕೆಳಗಿನ ತೋಟದ ಬೇಲಿಯಲ್ಲಿ ಸಿಕ್ಕಿತು.

ಗೇಟು ತೆರೆದಾಗ ಸೈರನ್ ಕೂಗಿರಲಿಲ್ಲ, ಅದರ ವೈರನ್ನು ಇಲಿ ಕಡಿದಿತ್ತು. ಅದು ತಿಳಿದದ್ದು ಆಮೇಲೆ. ಅದಕ್ಕೆ ಮುಂಚೆ ಘಟಕದವರು ಕಂಪ್ಯೂಟರಿನ ದಾಖಲೆ ತೋರಿಸಿ, ಸೈರನ್ ಕೂಗಿದೆ, ಹೆಂಗಸರು ಲಕ್ಷ್ಯ ಕೊಡಲಿಲ್ಲ ಎಂದರು. ಪಾಪಮ್ಮ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದಳು: “ಕೂಗ್ಲಿಲ್ಲ ಸ್ವಾಮಿ. ಕೂಗಿದ್ರೆ ನಾನು ಅವಳನ್ನ ಅಲ್ಲಿ ಬಿಟ್ಟು ಬರ್ತಿದ್ನಾ?” ಯಂತ್ರ ಸುಳ್ಳು ಹೇಳುತ್ತದೆಯೇ ಎಂದು ಲೈನಿನವರೂ ಅವಳ ಬೆನ್ನ ಹಿಂದೆ ಮಾತಾಡತೊಡಗಿದರು. ಬಟ್ಟೆ ಒಗೆಯುವ ಗಲಾಟೆಯಲ್ಲಿ ಕೇಳಿಸಿರಲಿಕ್ಕಿಲ್ಲ ಎಂದರು ಕೆಲವರು.

ಸುದ್ದಿ ಕೇಳಿದ ದಿನ ಹುಸ್ನಾ ಹಳೆಯ ಫೈಲನ್ನು ಮತ್ತೆ ಜರಡಿಗೆ ಹಾಕಿದಳು, ಬಿಟ್ಟ ಸಾಲುಗಳನ್ನೂ ತೋರಿಸು ಎಂದು. ಸೈರನ್ ಸಾಲು ಬಂತು, ಪಕ್ಕದಲ್ಲಿ ಅವಳ ಹೆಸರು.

“ಅಳಿಸಿ ಹಾಕಿ ಸುಮ್ಮನಿರು,” ಎಂದರು ಓಂಕಾರಮೂರ್ತಿ ಮೆತ್ತಗೆ. “ನಾನು ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ನಿನ್ನ ಹೆಸರು ಮಾತ್ರ ಅದೆ ಅಲ್ಲಿ. ನಿನ್ನ ಒಳ್ಳೇದಕ್ಕೇ ಹೇಳೋದು.”

ಮನೆಯಲ್ಲಿ ಅವಳು ಎಲ್ಲವನ್ನೂ ತಂದೆಗೆ ಹೇಳಿದಳು. ಗುಲಾಮ್ ಮುಸ್ತಫಾ ಕೈಯ ಗ್ರೀಸು ಒರೆಸಿಕೊಂಡರು. ಆಮೇಲೆ, “ಆ ಹೆಂಗಸನ್ನ ಎಲ್ಲರೂ ಸುಳ್ಳಿ ಅಂತಿದಾರಲ್ಲ ಮಗಳೇ,” ಎಂದರು. ಅಷ್ಟೇ. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ಕಲ್ಲಮ್ಮನ ಸಾವಿನ ಬಗ್ಗೆ ಸರ್ಕಾರ ನಡೆಸುತ್ತಿದ್ದ ವಿಚಾರಣೆಗೆ ಹುಸ್ನಾ ಹೋದಳು. ಅಧಿಕಾರಿಯ ಮುಂದೆ ಕಪ್ಪು ಪರದೆ ತೆರೆದು, ಆ ಸಾಲನ್ನು ಬೆರಳಿಟ್ಟು ತೋರಿಸಿದಳು. ಸೈರನ್ ಕೂಗದಿದ್ದರೂ ದಾಖಲೆಯಲ್ಲಿ ‘ಸೈರನ್ ಕೂಗಿದೆ’ ಎಂದೇ ಬರುತ್ತದೆ ಎಂದಳು.

“ಇಲ್ಲಿರೋ ಹೆಸರು ಯಾರದು?”

“ನಂದೇ ಸಾರ್.”

ಅಲ್ಲಿಂದ ಮುಂದೆ ಪ್ರಶ್ನೆಗಳೆಲ್ಲ ಅವಳ ಕಡೆಗೇ ತಿರುಗಿದವು. ಹಾಗೆ ಮಾಡಲು ತಾನು ಹೇಳಿಯೇ ಇಲ್ಲ ಎಂದು ಓಂಕಾರಮೂರ್ತಿ ಹೇಳಿಕೆ ಕೊಟ್ಟರು. ಘಟಕದವರು, ತಾವು ಕೊಂಡ ಪ್ರೋಗ್ರಾಮಿನ ದೋಷಕ್ಕೆ ತಾವು ಹೊಣೆಯಲ್ಲ ಎಂದರು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣಳಾದಳು ಎಂದು ಹುಸ್ನಾ ಒಬ್ಬಳ ಮೇಲೆ ಕೇಸಾಯಿತು.

ವಿಚಾರಣೆಯ ದಿನ ಹೊರಗೆ ಜಗಲಿಯಲ್ಲಿ ಪಾಪಮ್ಮ ಕೂತಿದ್ದಳು, ಒಳಗಿನ ಮಾತು ಅರ್ಧಂಬರ್ಧ ಕೇಳಿಸುವಷ್ಟು ಹತ್ತಿರ. ಹುಸ್ನಾ ಹತ್ತಿರ ಹೋಗಿ ನಿಂತಳು.

“ಕೂಗ್ಲಿಲ್ಲ ಅಂತ ಬರ್ಕೊಂಡ್ರಾ?” ಎಂದು ಕೇಳಿದಳು ಪಾಪಮ್ಮ.

“ಬರ್ಕೊಂಡ್ರು.”

ಪಾಪಮ್ಮ ತಲೆಯಾಡಿಸಿದಳು. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಎದ್ದಳು. “ನಿಮ್ಮ ಮೇಲೆ ನಂಗೆ ಸಿಟ್ಟು ಹೋಗಲ್ಲ ಅಮ್ಮ. ಹೋಗ್ತದೆ ಅಂತ ಕಾಯ್ಬೇಡಿ,” ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಹುಸ್ನಾಳಿಗೆ ಮತ್ತೆ ಯಾರೂ ಪ್ರೋಗ್ರಾಮಿನ ಕೆಲಸ ಕೊಡಲಿಲ್ಲ. ಗೊತ್ತಾಗಿದ್ದ ಮದುವೆಯನ್ನು ಹುಡುಗನ ಕಡೆಯವರು ಫೋನಿನಲ್ಲೇ ಮುರಿದರು. ಈಗ ಅವಳು ತಂದೆಯ ಗ್ಯಾರೇಜಿನ ಮುಂದಿನ ಕೋಣೆಯಲ್ಲಿ ಬಿಡಿಭಾಗ ಮಾರುತ್ತಾಳೆ. ವಾಯಿದೆ ಬಂದಾಗ ಕೋರ್ಟಿಗೆ ಹೋಗುತ್ತಾಳೆ. ಹೋದಾಗಲೆಲ್ಲ ಇನ್ನೊಂದು ವಾಯಿದೆ ಕೊಟ್ಟು ಕಳಿಸುತ್ತಾರೆ. ಓಂಕಾರಮೂರ್ತಿಯವರ ಹೇಳಿಕೆಯನ್ನು ಪ್ರಶ್ನಿಸೋಣ ಎಂದು ವಕೀಲರು ಪ್ರತಿ ಸಲ ಒತ್ತಾಯಿಸುತ್ತಾರೆ.

“ಪ್ರಶ್ನಿಸಿ,” ಎನ್ನುತ್ತಾಳೆ ಹುಸ್ನಾ. “ಆದ್ರೆ ಟೈಪ್ ಮಾಡಿದ್ದು ನಾನಲ್ಲ ಅಂತ ಮಾತ್ರ ಹೇಳಿಸ್ಬೇಡಿ.”