ಮಾಳಿಗೆಯ ಮೇಲೆ ಹೊಡೆದ ಬೈಠಕ್

ಮಂಗಳವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಅಕ್ಕ ಮಾಳಿಗೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮುಂದೆ ಬೀದರಿನ ದವಾಖಾನೆಯಲ್ಲಿ ಡಾಕ್ಟರು ಇದು ಯಾವಾಗ ಶುರುವಾಯಿತು ಎಂದು ಕೇಳಿದಾಗ ಅಪ್ಪ ಸೋಮವಾರ ಎಂದ, ಅವ್ವ ಬುಧವಾರ ಎಂದಳು. ನಾನು ಮಂಗಳವಾರ, ಆರೂ ಹತ್ತು ಎಂದೆ. ಬಿ.ಇಡಿ. ಕಾಲೇಜಿಗೆ ಹೋಗಲು ಭಾಲ್ಕಿಯಿಂದ ಬೀದರಿನ ಬಸ್ಸು ಹಿಡಿಯುವ ಅವಸರದಲ್ಲಿ ಆಗಷ್ಟೇ ಗಡಿಯಾರ ನೋಡಿದ್ದೆ. ಮೇಲೆ ಒಣಹಾಕಿದ್ದ ನನ್ನ ಓಢಣಿ ತರುತ್ತಿದ್ದ ಅಕ್ಕ ನಡುವಿನ ಮೆಟ್ಟಿಲಿನಲ್ಲಿ ಗೋಡೆ ಹಿಡಿದು ನಿಂತಳು, ಆಮೇಲೆ ಕೂತಳು.

"ಕಾಲ ಮಡಚವಲ್ವು ನೋಡು," ಎಂದು ನಕ್ಕಳು. ನಾನೂ ನಕ್ಕೆ. ಓಢಣಿ ಅಲ್ಲಿಂದಲೇ ಎಸೆದಳು. ನಾನು ಓಡಿದೆ.

ಅಕ್ಕ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಾಗುತ್ತಿದ್ದಳು. ಬರವಣಿಗೆಯಲ್ಲಿ ಅವಳಿಗೆ ಭಯವಿರಲಿಲ್ಲ, ಓಟವೂ ಸರಿ. ಹಿಂದಿನ ಸಲ ಕೆಡಿಸಿದ್ದು ಉದ್ದ ಜಿಗಿತ. ಮೂರು ಅವಕಾಶದಲ್ಲೂ ಗೆರೆ ಮುಟ್ಟದೆ ಬಂದಿದ್ದಳು. ವಯಸ್ಸಿನ ಲೆಕ್ಕದಲ್ಲಿ ಇದು ಕೊನೆಯ ಸಲ. ತೊಡೆಯಲ್ಲಿ ಬಲ ಇಲ್ಲ, ಅದಕ್ಕೇ ಮೈ ಏಳುವುದಿಲ್ಲ ಎಂದು ಅಪ್ಪ ತೀರ್ಮಾನಿಸಿದ್ದ. ಅಡತ್ತಿನ ದಲಾಲಿ ಅಂಗಡಿಯಲ್ಲಿ ತೊಗರಿ ತೂಗುವ ಅಪ್ಪ ವಯಸ್ಸಿನಲ್ಲಿ ಕುಸ್ತಿ ಹಿಡಿದವನು. ಈಗಲೂ ಸಂಜೆ ತಾಲೀಮಿಗೆ, ಅಂದರೆ ಗರಡಿಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು ಹುಡುಗರ ಆಟ ನೋಡಿ ಬರುತ್ತಾನೆ. ತಾಲೀಮಿನ ಒಳಗೆ ಹೆಂಗಸರು ಕಾಲಿಡುವಂತಿಲ್ಲ. ಹಾಗಾಗಿ ತಾಲೀಮನ್ನೇ ನಮ್ಮ ಮಾಳಿಗೆಗೆ ತಂದ.

ಹಿಂದಿನ ದಿನ ಶ್ರಾವಣ ಸೋಮವಾರ. ಮನೆಯಲ್ಲಿ ಅವತ್ತು ರಾತ್ರಿ ಒಂದೇ ಊಟ. ಅಕ್ಕ ಇನ್ನೂ ಕಟ್ಟುನಿಟ್ಟು, ಪೂಜೆಯಾಗುವವರೆಗೆ ನೀರೂ ಮುಟ್ಟುತ್ತಿರಲಿಲ್ಲ. ಮಳೆಗೆ ಮೈದಾನದ ಜಿಗಿತದ ಗುಂಡಿ ಕೆಸರಾಗಿತ್ತು. ಮಧ್ಯಾಹ್ನ ಮೋಡ ಸರಿದು ಬಿಸಿಲು ಬಿದ್ದಾಗ ಮಾಳಿಗೆಯ ಮೇಲೆ ಹಬೆ ಏಳುತ್ತಿತ್ತು. ಆ ಹಬೆಯಲ್ಲಿ ಅಪ್ಪ ಅವಳಿಂದ ಕೂತು ಏಳುವ ಬೈಠಕ್ ಹೊಡೆಸಿದ, ಕಪ್ಪೆಯಂತೆ ಕೂತು ಜಿಗಿಯುವುದನ್ನು ಮಾಡಿಸಿದ, ಮತ್ತೆ ಬೈಠಕ್. ಅಪ್ಪ ತಾಲೀಮಿನ ರೂಢಿಯಂತೆ ಮರಾಠಿಯಲ್ಲಿ ಎಣಿಸುತ್ತಿದ್ದ. ಕೆಳಗೆ ಅಡುಗೆಮನೆಯಲ್ಲಿ ಕೂತ ನಮಗೆ ನೂರು ಮುಗಿದು ಮತ್ತೆ ಒಂದರಿಂದ ಶುರುವಾಗುವುದು ಕೇಳಿಸುತ್ತಿತ್ತು. ಅದು ಎಷ್ಟು ಸಲ ಎಂದು ಯಾರೂ ಗಮನವಿಡಲಿಲ್ಲ. ಅಕ್ಕ ಕೆಳಗಿಳಿದು ಬಂದಾಗ ಮುಖ ಕೆಂಪಗಿತ್ತು, ಖುಷಿಯಾಗಿದ್ದಳು.

ಮಂಗಳವಾರ ಸಂಜೆ ನಾನು ಮನೆಗೆ ಬಂದಾಗ ಅಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಅಪ್ಪ ಬಿಸಿ ಎಳ್ಳೆಣ್ಣೆ ಹಚ್ಚಿ ಅವಳ ಮೀನಖಂಡ ತಿಕ್ಕುತ್ತಿದ್ದ.

"ಮೈ ಖುಲ್ಲಾ ಆಗ್ಲತದ," ಎಂದ. "ಎರಡನೇ ದಿನ ಸೀದಾ ನಡದಾವ ಮೊದಲನೇ ದಿನ ಬೈಠಕ್ ಹೊಡದೇ ಇಲ್ಲ ಅಂತ ನಮ್ಮ ಉಸ್ತಾದ ಬೈತಿದ್ದ."

"ಹಂಗಾದ್ರ ನಾ ಪಾಸ್ ಆದೆ ಅಂದಂಗಾತು," ಎಂದಳು ಅಕ್ಕ.

"ಪಾಸ್ ಆಗಬೇಕಾದ್ರ ಇವತ್ತೂ ಹೊಡೀಬೇಕು. ಇವತ್ತ ಬಿಟ್ರ ನಾಳಿ ಏಳಂಗಿಲ್ಲ."

ತಾಲೀಮಿನ ನಿಯಮವದು. ಕೆಲಸದಿಂದ ಹಿಡಿದುಕೊಂಡ ಮೈಯನ್ನು ಅದೇ ಕೆಲಸದಿಂದ ಬಿಡಿಸುತ್ತಾರೆ. ಅಪ್ಪನ ಮೈ ಹಾಗೇ ಬೆಳೆದಿತ್ತು, ಅವನ ಜೊತೆಯವರದೂ. ಆದರೆ ಅವರು ಚಿಕ್ಕಂದಿನಿಂದ ದಿನಕ್ಕಿಷ್ಟು ಎಂದು ಏರಿಸುತ್ತ ಬಂದವರು. ಅಕ್ಕ ಕಿಟಕಿಯ ಸರಳು ಹಿಡಿದುಕೊಂಡು ಬೈಠಕ್ ಹೊಡೆದಳು. ಕೂತರೆ ಏಳಲಾಗದೆ ಕೈಯಿಂದಲೇ ಮೈಯನ್ನು ಎಳೆದುಕೊಳ್ಳುತ್ತಿದ್ದಳು. ಹಲ್ಲು ಕಚ್ಚಿದ್ದ ಆ ಮುಖ ಈಗಲೂ ಪಾಠ ಮಾಡುತ್ತಿರುವಾಗ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ನನ್ನ ಮುಂದೆ ಬರುತ್ತದೆ. ಮುಗಿದ ಮೇಲೆ ಮೆಡಿಕಲ್ ಅಂಗಡಿಯಿಂದ ತಂದ ನೋವಿನ ಗುಳಿಗೆ ನುಂಗಿ ಮಲಗಿದಳು.

ಬುಧವಾರ ತೊಡೆಗಳು ಊದಿದವು. ಮುಟ್ಟಿದರೆ ಮಾಂಸದಂತಿರಲಿಲ್ಲ, ನಾದಿಟ್ಟು ಮರೆತ ಹಿಟ್ಟಿನಂತೆ ಗಟ್ಟಿಯಾಗಿದ್ದವು. ಒಂದಕ್ಕೆ ಹೋದಾಗ ಬಣ್ಣ ಕೆಂಪು ಮಿಶ್ರಿತ ಕಂದಾಗಿತ್ತು. ಅದನ್ನು ಅಕ್ಕ ಯಾರಿಗೂ ಹೇಳಲಿಲ್ಲ. ದಣಿವಿಗೆ ಮುಟ್ಟು ಮುಂಚೆ ಬಂತು ಅಂದುಕೊಂಡಳು. ಅಪ್ಪನಿರುವ ಮನೆಯಲ್ಲಿ ಅಂಥ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ಸಂಜೆ ನೀರು ಹಾಕುವುದನ್ನು ಮರೆತು ಅವಳು ಬಚ್ಚಲಿನಿಂದ ಹೊರಬಂದಾಗ ಅವ್ವ ನೋಡಿದಳು. ಹಾಲು ಹಾಕದ ಕಡಕ್ ಚಹಾದ ಬಣ್ಣ.

"ಕಾಮಣಿ ಆಗ್ಯಾದ," ಎಂದಳು ಅವ್ವ.

ಕಾಮಾಲೆಗೆ ನಮ್ಮಲ್ಲಿ ದವಾಖಾನೆಗೆ ಹೋಗುವ ರೂಢಿಯಿಲ್ಲ. ಔರಾದಿನ ಆಚೆ ಒಂದು ಹಳ್ಳಿಯಲ್ಲಿ ಬೇರಿನ ಔಷಧಿ ಕೊಡುವ ಮುದುಕರೊಬ್ಬರಿದ್ದಾರೆ. ನನ್ನ ಕಾಮಾಲೆಯೂ ಅವರಿಂದಲೇ ಹೋಗಿತ್ತು. ಅಕ್ಕನ ಕಣ್ಣು ಬೆಳ್ಳಗಿವೆಯಲ್ಲ ಎಂದು ನಾನು ಹೇಳಿದೆ. "ಇನ್ನಾ ಏರಿಲ್ಲ," ಎಂದಳು ಅವ್ವ.

ಗುರುವಾರ ನಸುಕಿನಲ್ಲೇ ಅಪ್ಪ, ಅಕ್ಕ, ನಾನು ಹೊರಟೆವು. ಅವ್ವ ಮನೆಯಲ್ಲಿ ಉಳಿದಳು. ಅಕ್ಕನನ್ನು ಬಸ್ಸಿಗೆ ಹತ್ತಿಸಲು ಕಂಡಕ್ಟರೂ ಕೈಹಚ್ಚಬೇಕಾಯಿತು. ಠಾಣಾ ಕುಶನೂರ ದಾಟುವಾಗ ಎರಡೂ ಕಡೆ ಸೋಯಾ ಹಸಿರಾಗಿ ನಿಂತಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡೇ ಇದ್ದಳು.

ಔಷಧಿ ಕೊಡುವವರ ಜಗಲಿಯಲ್ಲಿ ನಮಗಿಂತ ಮುಂಚೆ ಬಂದವರಿದ್ದರು. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬಳು ಅಕ್ಕನ ಗಲ್ಲ ಹಿಡಿದು ನೋಡಿದಳು.

"ಮದಿವಿ ಆಗ್ಯಾದೇನವ್ವಾ?"

"ಇಲ್ಲರಿ. ಪೊಲೀಸ್ ಆಗ್ತಾಳ," ಎಂದ ಅಪ್ಪ.

"ಆಗಲಿ ತಗೋ. ಮೊದಲ ನನ್ನ ಮೊಮ್ಮಗನ್ನ ಹಿಡದು ಒಳಗ ಹಾಕಂತ ಹೇಳು. ಮೂರು ಗಾಡಿ ಕೆಡವ್ಯಾನ ಭಾಡಕೋ."

ಜಗಲಿಯೆಲ್ಲ ನಕ್ಕಿತು. ಅಪ್ಪನೂ ನಕ್ಕ. ಅದೇ ಕೊನೆ, ಮತ್ತೆ ಅವನು ನಕ್ಕಿದ್ದನ್ನು ಬಹಳ ದಿನ ನಾನು ನೋಡಲಿಲ್ಲ.

ಮುದುಕರು ಮಜ್ಜಿಗೆಯಲ್ಲಿ ಅರೆದದ್ದನ್ನು ಕುಡಿಸಿದರು. "ಉಪ್ಪು ಇಲ್ಲ, ಎಣ್ಣಿ ಇಲ್ಲ. ಹೊತ್ತು ಇಳಿಯೋ ತನಕ ನೀರು ಕುಡಿಸಬ್ಯಾಡ್ರಿ. ನೀರು ಕುಡದ್ರ ಔಷಧಿ ಹತ್ತಲ್ಲ," ಎಂದರು. ಅವರು ಎಲ್ಲರಿಗೂ ಹೇಳುವ ಮಾತದು. ಬ್ಯಾಗಿನಲ್ಲಿದ್ದ ನೀರಿನ ಬಾಟಲಿಯನ್ನು ಅಕ್ಕ ನನ್ನ ಕೈಯಿಂದ ತೆಗೆದು ಅಪ್ಪನಿಗೆ ಕೊಟ್ಟಳು, ತನಗೆ ಆಸೆ ತಡೆಯುವುದಿಲ್ಲ ಎಂದು.

ಔರಾದ ಬಸ್ ನಿಲ್ದಾಣಕ್ಕೆ ವಾಪಸು ಬಂದಾಗ ಮಧ್ಯಾಹ್ನ. ಭಾಲ್ಕಿಯ ಬಸ್ಸು ನಿಂತಿತ್ತು. ಅದರ ಪಕ್ಕದಲ್ಲಿ ಬೀದರಿನದು, ಎಂಜಿನ್ ಶುರುವಾಗಿತ್ತು. ಅಕ್ಕನ ಮುಖ, ಕಣ್ಣಿನ ಕೆಳಗೆಲ್ಲ ಬಾತುಕೊಂಡಿತ್ತು. ಉಸಿರು ಮೇಲಿಂದ ಮೇಲೆ ಬರುತ್ತಿತ್ತು. ನಾನು ಬೀದರಿಗೆ ಹೋಗೋಣ ಎಂದೆ. ಅಪ್ಪ ಒಪ್ಪಲಿಲ್ಲ. ಔಷಧಿ ಈಗಷ್ಟೇ ಹೊಟ್ಟೆಗೆ ಹೋಗಿದೆ, ದವಾಖಾನೆಯ ಸೂಜಿ ಬಿದ್ದರೆ ಕೆಡುತ್ತದೆ, ಮನೆಗೆ ಹೋಗಿ ಮಲಗಲಿ ಎಂದ. ನಾವಿಬ್ಬರೂ ದನಿ ಏರಿಸಿದೆವು.

ಆಗ ಅಕ್ಕ ಅಪ್ಪನ ಅಂಗಿಯ ತೋಳು ಹಿಡಿದಳು.

"ಅಪ್ಪಾ, ನಿನ್ನಿ ಸಂಜಿಂದ ನಂಗ ಒಂದಕ್ಕ ಆಗಿಲ್ಲ. ಒಂದು ಹನಿನೂ ಬರವಲ್ದು. ಅದಕ್ಕ ಮುಂಚೆ ರಕ್ತದಂಗ ಹೋಯ್ತು. ನಾ ಹೇಳಲಿಲ್ಲ."

ಸುತ್ತ ಜನ ನಿಂತಿದ್ದರು. ಬಾಳೆಹಣ್ಣಿನ ಗಾಡಿಯವನು ಬೇರೆ ಕಡೆ ಮುಖ ಮಾಡಿದ. ದೊಡ್ಡವಳಾದ ಮೇಲೆ ಅಕ್ಕ ಅಪ್ಪನೆದುರು ಹೊಟ್ಟೆನೋವು ಎಂದು ಕೂಡ ಹೇಳಿದ್ದಿಲ್ಲ. ಅಪ್ಪ ಅವಳನ್ನು ನೋಡಿದ, ಆಮೇಲೆ ಬಗ್ಗಿ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಬೀದರಿನ ಬಸ್ಸಿನ ಮೆಟ್ಟಿಲು ಹತ್ತಿದ.

ಸಂತಪುರದ ಹತ್ತಿರ ಅಕ್ಕ ಕಿಟಕಿಯಿಂದ ಹೊರಗೆ ವಾಂತಿ ಮಾಡಿದಳು. ಮೈಯ ಒಳಗೆ ಇರುವೆ ಓಡಾಡಿದಂತಾಗುತ್ತಿದೆ ಎಂದಳು. ಅಪ್ಪ ಬಾಟಲಿ ತೆರೆದು ಅವಳ ಬಾಯಿಗೆ ಹಿಡಿದ. ಅವಳು ಒಂದೇ ಗುಟುಕು ಕುಡಿದು ನನ್ನ ಭುಜಕ್ಕೆ ಒರಗಿದಳು. ಬೀದರ ಬರುವ ತನಕ ಅವಳ ಮೂಗಿನ ಕೆಳಗೆ ನನ್ನ ಬೆರಳು ಹಿಡಿದುಕೊಂಡೇ ಕೂತಿದ್ದೆ.

ದವಾಖಾನೆಯಲ್ಲಿ ಅವಳ ಎದೆಗೆ ವೈರು ಹಚ್ಚಿ ಕಾಗದದ ಮೇಲೆ ಬಂದ ಗೆರೆ ನೋಡಿದ್ದೇ ತಡ, ನರ್ಸುಗಳು ಓಡಿದರು. ಡಾಕ್ಟರು ಚಿಕ್ಕ ವಯಸ್ಸಿನವರು. ತೊಡೆ ಒತ್ತಿ ನೋಡಿದರು.

"ಈ ನಾಕೈದು ದಿನದಾಗ ಏನರ ಬಿದ್ದಾಳೇನ್ರಿ? ಯಾರರ ಹೊಡದಾರೇನು?"

"ಬೈಠಕ್ ಹೊಡದಾಳರಿ," ಎಂದ ಅಪ್ಪ.

"ಎಷ್ಟು?"

ಅಪ್ಪ ಬೆರಳು ಮಡಚಿ ನೂರುಗಳನ್ನು ಎಣಿಸತೊಡಗಿದ.

"ಕಾಲಿನ ಮಾಂಸ ಒಳಗೊಳಗೇ ಒಡದದ," ಎಂದರು ಡಾಕ್ಟರು. "ಉಪಾಸ, ಬಿಸಿಲು, ನೀರಿಲ್ಲ, ರೂಢಿ ಇಲ್ಲದ ಕೆಲಸ. ಒಡದ ಮಾಂಸದ ಕೆಂಪು ರಕ್ತದಾಗ ಸೇರಿ ಕಿಡ್ನಿಗಿ ಬಂದು ಕಟಗೊಂಡದ. ನೋವಿನ ಗುಳಿಗಿ ಬ್ಯಾರೆ ಕೊಟ್ಟೀರಿ. ಕಿಡ್ನಿ ಎರಡೂ ಬಂದ್ ಆಗ್ಯಾವ. ಅದಕ್ಕಿಂತ ಮೊದಲ ಎದಿ ನಿಲ್ಲಬಹುದು. ಇವತ್ತಿನ ರಾತ್ರಿ ದಾಟಿಸಬೇಕು."

ದಾಟಿತು. ಹೇಗೆ ದಾಟಿತೆಂದು ಬರೆಯಲು ಕೂತಾಗಲೆಲ್ಲ ಯಂತ್ರದ ಸದ್ದು ಮಾತ್ರ ನೆನಪಾಗುತ್ತದೆ. ಅವಳ ಕುತ್ತಿಗೆಯ ಬದಿಗೆ ನಳಿಗೆ ಹಾಕಿ ರಕ್ತವನ್ನು ಹೊರಗೆ ತೆಗೆದು ತೊಳೆದು ಮತ್ತೆ ಒಳಗೆ ಬಿಟ್ಟರು. ದಿನ ಬಿಟ್ಟು ದಿನ ಅದೇ. ಮಂಚದ ಕೆಳಗೆ ಮೂತ್ರದ ಚೀಲ ತೂಗುತ್ತಿತ್ತು. ಅದರ ತಳದಲ್ಲಿ ಎರಡು ಚಮಚದಷ್ಟು ಕಪ್ಪು ನೀರು. ಮರುದಿನವೂ ಅಷ್ಟೇ. ಭಾಲ್ಕಿಯಿಂದ ಬಂದ ಅವ್ವ ಮಗಳ ಮುಖಕ್ಕಿಂತ ಮೊದಲು ಆ ಚೀಲ ನೋಡುತ್ತಿದ್ದಳು.

ಅಕ್ಕನಿಗೆ ನೀರಡಿಕೆ. ಆದರೆ ಈಗ ಮೈಯಿಂದ ನೀರು ಹೊರಗೆ ಹೋಗುತ್ತಿರಲಿಲ್ಲ, ಹಾಗಾಗಿ ಒಳಗೆ ಬಿಡುವಂತಿರಲಿಲ್ಲ. ಚಹಾ ಕುಡಿಯುವ ಸಣ್ಣ ಕಪ್ಪಿನಲ್ಲಿ ಅಳೆದು ಕೊಡುತ್ತಿದ್ದೆವು. "ಪೂಜಿ ಆತೇನವ್ವಾ? ಈಗರ ಕುಡೀಲೇನು?" ಎಂದು ಅರೆಪ್ರಜ್ಞೆಯಲ್ಲಿ ಕೇಳುತ್ತಿದ್ದಳು. ಅವ್ವ ಸೆರಗು ಬಾಯಿಗೆ ಹಿಡಿದು ಹೊರಗೆ ಹೋಗುತ್ತಿದ್ದಳು.

ಅಪ್ಪ ವಾರ್ಡಿನ ಒಳಗೆ ಬರುತ್ತಿರಲಿಲ್ಲ. ಬಾಗಿಲ ಹತ್ತಿರ ನೆಲದ ಮೇಲೆ ಕೂತಿರುತ್ತಿದ್ದ. ಒಮ್ಮೆ ಅಕ್ಕ ಕಾಲು ಒತ್ತಲು ಕರೆದಳು. ಅವನು ಬಂದು ಹಾಸಿಗೆಯ ಪಕ್ಕ ನಿಂತ. ಕೈ ಮುಂದೆ ಚಾಚಿದ, ಮುಟ್ಟಲಿಲ್ಲ. "ನಿಮ್ಮವ್ವ ಒತ್ತತಾಳ ಮಗಾ," ಎಂದು ಹೊರಟುಹೋದ.

ಎರಡನೇ ವಾರ ಮುಗಿಯುತ್ತ ಬಂದಾಗ ಚೀಲದಲ್ಲಿ ಬೆರಳೆತ್ತರ ನೀರು ಬಂತು. ಆಮೇಲೆ ಅರ್ಧ ಚೀಲ. ಆಮೇಲೆ ನರ್ಸು ಬೈಯುವಷ್ಟು, "ಏನವ್ವಾ, ಖಾಲಿ ಮಾಡಿ ಮಾಡಿ ನನ್ನ ನಡ ಮುರೀತು." ಯಂತ್ರಕ್ಕೆ ಹಚ್ಚುವುದನ್ನು ನಿಲ್ಲಿಸಿದರು. ಮನೆಗೆ ಕಳಿಸುವಾಗ ಡಾಕ್ಟರು ಕಿಡ್ನಿ ಪೂರಾ ಮೊದಲಿನಂತಾಗುತ್ತದೋ ಇಲ್ಲವೋ ಈಗಲೇ ಹೇಳಲಾಗದು, ರಕ್ತ ತೋರಿಸುತ್ತಲೇ ಇರಬೇಕು ಎಂದರು. ಓಟ, ಜಿಗಿತ ಏನೂ ಇಲ್ಲ. ಅಕ್ಕ ತಲೆಯಾಡಿಸಿದಳು. ಅವಳ ತೊಡೆಗಳು ನನ್ನ ತೋಳಿನಷ್ಟಾಗಿದ್ದವು.

ಮನೆಗೆ ಬಂದೆವು, ನಿದ್ದೆ ಬರಲಿಲ್ಲ. ಬಚ್ಚಲ ಚಿಲಕದ ಸದ್ದಾದರೆ ಸಾಕು, ಮೂವರೂ ಕತ್ತಲಲ್ಲಿ ಎದ್ದು ಕೂರುತ್ತಿದ್ದೆವು. ಅವ್ವ ಲೈಟು ಹಾಕಿಕೊಂಡು ಬಾಗಿಲಿಗೆ ನಿಲ್ಲುತ್ತಿದ್ದಳು. ಮೊದಮೊದಲು ಅಕ್ಕನಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ತಾನೇ ಒಳಗಿನಿಂದ ಕೂಗಿ ಹೇಳತೊಡಗಿದಳು. "ತಿಳಿ ಅದ! ಮಕ್ಕೋರಿ ಎಲ್ಲಾರು!" ಪಡಸಾಲೆಯಿಂದ ಅಪ್ಪ ಕೇಳುತ್ತಿದ್ದ, "ಬಾಳ ಆತೇನು?" "ಬಾಳ ಆತು ಅಪ್ಪಾ!" ಪಕ್ಕದ ಮನೆಯವರಿಗೂ ಕೇಳಿಸುತ್ತಿತ್ತು. ಅದರ ಪರಿವೆ ಯಾರಿಗೂ ಉಳಿದಿರಲಿಲ್ಲ. ಅವಳು ಮಲಗಿದ ಮೇಲೂ ನಾನು ಎಚ್ಚರವಾಗಿರುತ್ತಿದ್ದೆ. ಮೆಟ್ಟಿಲು, ಓಢಣಿ, ಕಿಟಕಿಯ ಸರಳು, ಎರಡು ಬಸ್ಸು. ಭಾಲ್ಕಿಯ ಬಸ್ಸು ಹತ್ತಿದ್ದರೆ ಎಂಬಲ್ಲಿಗೆ ಬಂದು ಎದ್ದು ಕೂರುತ್ತಿದ್ದೆ. ಅಷ್ಟರಲ್ಲಿ ಅವಳ ಮೊಬೈಲಿನ ಅಲಾರಂ ಹೊಡೆಯುತ್ತಿತ್ತು, ಮೈದಾನಕ್ಕೆ ಹೋಗುವ ಹೊತ್ತಿನದು. ಅದನ್ನು ತೆಗೆದುಹಾಕು ಎಂದು ಅವಳಿಗೆ ಹೇಳಲು ನಮಗ್ಯಾರಿಗೂ ಬಾಯಿ ಬರಲಿಲ್ಲ.

ಮಹಾನವಮಿ ಹತ್ತಿರ ಬಂದಿತ್ತು. ಒಂದು ಶುಕ್ರವಾರ ನಾನು ಕಣ್ಣು ಬಿಟ್ಟಾಗ ಬಿಸಿಲು ಅಡುಗೆಮನೆಯ ಹೊಸ್ತಿಲು ದಾಟಿತ್ತು. ಪಕ್ಕದಲ್ಲಿ ಅಕ್ಕನ ಹಾಸಿಗೆ ಖಾಲಿ. ಎದ್ದು ಓಡಿದೆ. ಅವಳು ಒಲೆಯ ಮುಂದೆ ಕೂತು ಚಹಾ ಸೋಸುತ್ತಿದ್ದಳು.

"ರಾತ್ರಿ ಎರಡ ಸಲ ಎದ್ದಿದ್ದೆ," ಎಂದಳು. "ಕೂಗಿದೆ. ಒಬ್ಬರೂ ಹೂಂ ಅನಲಿಲ್ಲ. ಅಪ್ಪಂದು ಗೊರಕಿ ಓಣಿ ತುಂಬ."

"ಅಲಾರಂ?"

"ರಾತ್ರಿನೇ ತಗದು ಮಲಗಿದ್ದೆ."

ಅವತ್ತು ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ಹಾಜರಿರಬೇಕೆಂದು ಅವಳಿಗೆ ಬಂದಿದ್ದ ಪೊಲೀಸ್ ಭರ್ತಿಯ ಕರೆಯ ಕಾಗದ ದೇವರ ಗೂಡಿನಲ್ಲೇ ಇತ್ತು. ಅವ್ವ ಎದ್ದು ಬಂದು ನೀರು ಕುಡಿದಿಯೇನ ಎಂದಳು. ಕುಡಿದೆ ಎಂದಳು ಅಕ್ಕ. ಪಡಸಾಲೆಯಲ್ಲಿ ಅಪ್ಪ ಎದ್ದು ಕೂತು, ಎಲ್ಲಿದ್ದೇನೆಂದು ತಿಳಿಯದವನಂತೆ ಬಿಸಿಲು ನೋಡಿದ.

"ಎಷ್ಟೊತ್ತಾತು?"

"ಎಂಟು," ಎಂದಳು ಅಕ್ಕ. ಅವನ ಮುಂದೆ ಚಹಾ ಇಟ್ಟಳು.