ಹೆಡ್‌ಮಾಸ್ಟರ ಕಾರಿನ ಸದ್ದು

ಎದುರಿನವರು ಮಾತಾಡುವಾಗ ನಮ್ಮ ಹೆಡ್‌ಮಾಸ್ಟರು ಬಲಭುಜ ಮುಂದೆ ಮಾಡಿ, ಕತ್ತು ಓರೆಯಾಗಿಸಿ, ಅವರ ತುಟಿಯನ್ನೇ ನೋಡುತ್ತಿದ್ದರು. ದಪ್ಪ ಹುಬ್ಬು, ಕಿವಿಯಂಚಿನಲ್ಲಿ ಬೆಳ್ಳಗಿನ ಕೂದಲು. ಗುರುಪುರದ ಕಡೆಯ ಹೈಸ್ಕೂಲಿಗೆ ಟೀಚರಾಗಿ ಹೊಸದಾಗಿ ಸೇರಿದ್ದ ನನಗೆ ಆ ನೋಟ ಇರಿಸುಮುರಿಸು ಮಾಡುತ್ತಿತ್ತು. ಸಿಟ್ಟಿನ ಮನುಷ್ಯ ಅಂದುಕೊಂಡಿದ್ದೆ.

ಅದು ತೊಂಬತ್ತರ ದಶಕದ ಕೊನೆ. ಹುಣಸೂರಿನಿಂದ ಶಾಲೆಗೆ ಹೊತ್ತಿಗೆ ಸರಿಯಾಗಿ ಬಸ್ಸಿರಲಿಲ್ಲ. ಅವರ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇದ್ದುದರಿಂದ ಅವರ ಹಳೆಯ ಕಾರಿನಲ್ಲಿ ನಾನೂ ಹೋಗಿಬರುತ್ತಿದ್ದೆ. ಹೊರಡುವ ಮುಂಚೆ ಹಳೇ ಪಂಚೆಯ ತುಂಡಿನಿಂದ ಗಾಜು ಒರೆಸಲೇಬೇಕು. ದಾರಿಯಲ್ಲಿ ಹೊರೆ ಹೊತ್ತವರು ಕಂಡರೆ ಹತ್ತಿಸಿಕೊಳ್ಳಲೇಬೇಕು. ನಾನು ಗಡಿಯಾರ ನೋಡಿದರೆ, “ಬೆಲ್ ಹೊಡ್ಸೋನು ನಾನೇ ಕಣಮ್ಮ” ಅನ್ನುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾರಿನಲ್ಲಿ ಒಂದು ಸದ್ದು ಹುಟ್ಟಿಕೊಂಡಿತು. ಮೊದಲು ಗುಂಯ್ ಎನ್ನುವ ಸಣ್ಣ ರಾಗ. ಬರುಬರುತ್ತಾ ಕಬ್ಬಿಣಕ್ಕೆ ಕಬ್ಬಿಣ ತೀಡಿದಂಥ ಕಿರುಚಾಟ. ಹೊಲದಲ್ಲಿದ್ದವರು ತಲೆಯೆತ್ತಿ ನೋಡುತ್ತಿದ್ದರು. ನಾನು ಹೇಳಿದಾಗಲೆಲ್ಲ ಅವರು ರಸ್ತೆಯಿಂದ ಕಣ್ಣು ತೆಗೆಯದೆ ತಲೆಯಾಡಿಸುತ್ತಿದ್ದರು. ಒಂದು ದಿನ ಹಿಂದೆ ಕೂತಿದ್ದ ಹೊಗೆಸೊಪ್ಪಿನ ರೈತರೊಬ್ಬರು, “ಸಾ, ಗಾಡಿ ಅಳ್ತಾ ಅದೆ ಕಣ್ರೀ” ಅಂದರು.

“ಈ ಸಲ ಒಳ್ಳೆ ರೇಟು ಬತ್ತದೆ ಬುಡಪ್ಪ” ಅಂದರು ಹೆಡ್‌ಮಾಸ್ಟರು.

ರೈತರು ನನ್ನ ಮುಖ ನೋಡಿದರು. ದುಡ್ಡು ಬಿಚ್ಚಲು ಇಷ್ಟವಿಲ್ಲದೆ ಮಾತು ಮರೆಸುತ್ತಿದ್ದಾರೆ ಎಂದೇ ನಾನು ತಿಳಿದೆ.

ಕೊನೆಗೆ ಗುರುಪುರದ ಟಿಬೆಟನ್ ಕ್ಯಾಂಪಿನ ಹತ್ತಿರ ಕಾರು ನಿಂತೇ ಹೋಯಿತು. ಟ್ರ್ಯಾಕ್ಟರಿಗೆ ಕಟ್ಟಿ ಹುಣಸೂರಿಗೆ ಎಳೆಸಿದರು. ಮರುದಿನ ಸಂಜೆ ಗ್ಯಾರೇಜಿಗೆ ಹೋಗುವಾಗ ನನ್ನನ್ನೂ ಕರೆದರು. ಮೆಕ್ಯಾನಿಕ್ ಗೇರ್ ಬಾಕ್ಸನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರಡಿದ್ದ. ಹಲ್ಲುಗಳು ಸವೆದುಹೋಗಿದ್ದವು. ಬಾಣಲೆಗೆ ಇಳಿಸಿದ್ದ ಚೂರುಪಾರು ಆಯಿಲಿನಲ್ಲಿ ಕಬ್ಬಿಣದ ಪುಡಿ ಮಿನುಗುತ್ತಿತ್ತು. ಮೊದಲೇ ತಂದಿದ್ದರೆ ಒಂದು ಬೇರಿಂಗಿನಲ್ಲಿ ಮುಗಿಯುತ್ತಿತ್ತು, ಈಗ ಬಾಕ್ಸನ್ನೇ ಬದಲಾಯಿಸಬೇಕು ಎಂದ. ಆಮೇಲೆ ತಲೆ ಬಗ್ಗಿಸಿಕೊಂಡೇ ಕೇಳಿದ: “ತಿಂಗಳಾನುಗಟ್ಲೆ ಕಿರುಚಿರ್ತದೆ ಸಾ. ಕೇಳಿಸ್ನಿಲ್ವಾ?”

ಅವನ ತುಟಿ ಕಾಣಿಸದೆ ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು. ಅವನ ಮಾತನ್ನು ನಾನು ಮತ್ತೆ ಹೇಳಿದೆ. ಅವರು ನನ್ನ ತುಟಿಯನ್ನು ಓದುತ್ತಿದ್ದಾರೆ ಎಂದು ಆಗ ತಿಳಿಯಿತು.

“ಕೇಳಿಸ್ನಿಲ್ಲ ಕಣಪ್ಪ” ಅಂದರು. “ಎರಡು ವರ್ಷದಿಂದ ಸರಿಯಾಗಿ ಏನೂ ಕೇಳಿಸ್ತಿಲ್ಲ.”

ಈ ಮಾತನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಕೆಲಸಕ್ಕೆ ತೊಂದರೆಯಾದೀತೆಂಬ ಅಳುಕು. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆಲ್ಲ ತಾವೇ ಹೇಳಿದರು. ಇನ್ನು ಮೇಲೆ ನನ್ನ ಮುಂದೆ ಬಂದು ನಿಂತು ಮಾತಾಡಿ ಎಂದರು. ಯಾರೂ ನಗಲಿಲ್ಲ.

ರಿಪೇರಿಯ ಖರ್ಚಿಗೆ, ಮನೆಯ ಮೇಲೊಂದು ಕೋಣೆ ಕಟ್ಟಲು ತರಿಸಿದ್ದ ಇಟ್ಟಿಗೆಯನ್ನು ಮಾರಿದರು. ಕಿವಿ ಕೇಳದೆ ಇನ್ನು ಓಡಿಸಲಾಗದ ಕಾರಿಗೆ ಇಷ್ಟೇಕೆ ಸುರಿಯುತ್ತೀರಿ ಎಂದು ಅವರ ಹೆಂಡತಿ ಬೇಸರಪಟ್ಟರು. ಆಗ ಹೆಡ್‌ಮಾಸ್ಟರು ನನ್ನ ಕಡೆ ಕೈ ತೋರಿಸಿ, “ಓಡ್ಸೋದು ಇವ್ಳು” ಅಂದರು. ನನ್ನನ್ನು ಕೇಳಿಯೇ ಇರಲಿಲ್ಲ.

ಶಾಲೆಯ ಹಿಂದಿನ ಬಯಲಿನಲ್ಲಿ ಕಲಿಸಿದರು. ಎಂಜಿನ್ನಿನ ಸದ್ದು ತಮಗೆ ಕೇಳಿಸದ ಕಾರಣ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು, ನಡುಕ ನೋಡಿ, ಗೇರ್ ಬದಲಾಯಿಸು ಎನ್ನುತ್ತಿದ್ದರು. ನಾನು ಬೇಲಿಗೆ ನುಗ್ಗಿಸಿದ ದಿನವೂ ಬಯ್ಯಲಿಲ್ಲ. ಇಳಿದು ಮುಳ್ಳು ಬಿಡಿಸಿ ಮತ್ತೆ ಬಂದು ಕೂತರು. ಲೈಸೆನ್ಸ್ ಬಂದ ಮೇಲೆ ಅವರು ನಿವೃತ್ತರಾಗುವ ತನಕ ಆ ದಾರಿಯಲ್ಲಿ ನಾನೇ ಓಡಿಸಿದೆ. ಸೀರೆ ಉಟ್ಟವಳು ಸ್ಟೇರಿಂಗ್ ಹಿಡಿದು, ಹೆಡ್‌ಮಾಸ್ಟರು ಪಕ್ಕದಲ್ಲಿ ಕೂತದ್ದನ್ನು ಜನ ನಿಂತು ನೋಡುತ್ತಿದ್ದರು. ಅವರು ಎಲ್ಲರಿಗೂ ಕೈ ಬೀಸುತ್ತಿದ್ದರು.

ಅವರು ತೀರಿಕೊಂಡಾಗ ನನಗೆ ಹೆಗ್ಗಡದೇವನಕೋಟೆಗೆ ವರ್ಗವಾಗಿತ್ತು. ಸುದ್ದಿ ತಿಳಿದು ನನ್ನ ಕಾರಿನಲ್ಲೇ ಹೊರಟು ಬಂದೆ. ಅಂಗಳ ಕಿರಿದು, ಹಳೆಯ ಕಾರು ಅರ್ಧ ಜಾಗ ಹಿಡಿದಿತ್ತು, ಬಂದವರು ಬೀದಿಯಲ್ಲೇ ನಿಂತಿದ್ದರು. ಸ್ಟೇರಿಂಗಿನ ಪಕ್ಕದಲ್ಲೇ ಇದ್ದ ಹಳೇ ಕಾಲದ ಗೇರು ಅವರ ಗಂಡುಮಕ್ಕಳಿಗೆ ಒಗ್ಗುತ್ತಿರಲಿಲ್ಲ. ಹೆಡ್‌ಮಾಸ್ಟರ ಹೆಂಡತಿ ಕೀ ತಂದು ನನ್ನ ಕೈಯಲ್ಲಿಟ್ಟರು. ನಾನು ಕಾರನ್ನು ಹಿಂದಕ್ಕೆ ತೆಗೆದು ಬೀದಿಯ ಅಂಚಿಗೆ ನಿಲ್ಲಿಸಿದೆ. ಜನ ಒಳಗೆ ಬಂದರು.