ಎರಡೂರಿನ ಡಿಸ್ಕು
ನಮ್ಮ ವಿಜಯಪುರದ ಕಾಲೇಜಿನ ಗ್ರಂಥಪಾಲ ಹಣಮಂತರಾಯರು ಹಳೇ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಒಂದೇ ಹಾರ್ಡ್‌ಡಿಸ್ಕಿಗೆ ತುಂಬಿದ ಮಹಾನುಭಾವರು. ಡಿಜಿಟಲ್ ಸಂಗ್ರಹ ಎರಡು ಊರುಗಳಲ್ಲಿರಬೇಕೆಂದು ತರಬೇತಿಯಲ್ಲಿ ಹೇಳಿದ್ದರಂತೆ. ಹಾಗಾಗಿ ಆ ಒಂದೇ ಡಿಸ್ಕು ಹಗಲು ಕಾಲೇಜಿನಲ್ಲಿ, ರಾತ್ರಿ ಹೊನವಾಡದ ಅವರ ಮನೆಯಲ್ಲಿ. ದಿನಾ ಬಸ್ಸಿನಲ್ಲಿ, ರಾಯರ ತೊಡೆಯ ಮೇಲೆ, ರೊಟ್ಟಿ ಡಬ್ಬಿಯ ಪಕ್ಕ ಅದರ ಸವಾರಿ. “ಇನ್ನೊಂದು ಕಾಪಿ ಮಾಡಿಡ್ರಿ ಸರ,” ಎಂದು ಸಂಶೋಧಕಿ ವಿಶಾಖಾ ಗೋಗರೆದರೆ, “ಎರಡೂ ಊರಾಗ ಐತಲ್ಲವ್ವಾ, ಮತ್ತೆಷ್ಟು ಬೇಕು?” ಎನ್ನುತ್ತಾರೆ. ಪರೀಕ್ಷೆಯಲ್ಲಿ ಹುಡುಗರನ್ನು ಹಿಡಿದು ಹಿಡಿದು ಅವರಿಗೆ ಕಾಪಿ ಎಂದರೇ ಆಗದು. ಹೋದ ವಾರ ತಿಕೋಟಾ ಹತ್ತಿರ ಬಸ್ಸು ಗಕ್ಕನೆ ನಿಂತಾಗ ರಾಯರು ಡಿಸ್ಕನ್ನು ಎದೆಗವಚಿಕೊಂಡೇ ಉರುಳಿದರು. ಮರುದಿನ ಪ್ಲಾಸ್ಟರ್ ನೋಡಿದ ವಿಶಾಖಾ, “ಕೈ ಹೆಂಗೈತ್ರಿ ಸರ?” ಎಂದಳು. “ಏನೂ ಆಗಿಲ್ಲವ್ವಾ,” ಅಂದರು ರಾಯರು, “ಎಲ್ಲಾ ಫೈಲೂ ಓಪನ್ ಆಗ್ತಾವ.”